ಹಯಗ್ರೀವನ ತಿರುಗುವ ಕೃಷ್ಣ

ಮಹಾನವಮಿಯ ಬೆಳಿಗ್ಗೆ ಹಯಗ್ರೀವ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನ ಸ್ಕ್ರೂಡ್ರೈವರಿಗೆ ಕುಂಕುಮ ಇಟ್ಟಾಗಿತ್ತು. ಸ್ಕ್ರೂಡ್ರೈವರಿಗೆ ಮಾತ್ರವಲ್ಲ, ಕಟಿಂಗ್ ಪ್ಲೇಯರ್, ಸೋಲ್ಡರಿಂಗ್ ಐರನ್, ಮೀಟರ್, ಕಡೆಗೆ ಇನ್ಸುಲೇಶನ್ ಟೇಪಿನ ಸುರುಳಿ ಕೂಡ ಸರಸ್ವತಿಯ ಪಟದ ಮುಂದೆ ಮಣೆಯ ಮೇಲೆ ಸಾಲಾಗಿ ಮಲಗಿದ್ದವು. ಮೀಟರಿನ ಮುಳ್ಳು ಕಾಣದಂತೆ ಗಾಜಿನ ಮೇಲೆ ದಪ್ಪಗೆ ಗಂಧ ಬಳಿದಿತ್ತು. ಇನ್ನು ನಾಳೆ ವಿಜಯದಶಮಿಯ ಪೂಜೆ ಆಗುವ ತನಕ ಅವನ್ನು ಮುಟ್ಟುವ ಹಾಗಿಲ್ಲ.

"ಬೆಳಗಾಗ್ತಿದ್ದ ಹಾಗೆ ಯಾಕೆ ಇಟ್ಟೆ? ಮಧ್ಯಾಹ್ನದವರೆಗೆ ನನಗೆ ಬೇಕಿತ್ತಲ್ಲ" ಎಂದ ಹಯಗ್ರೀವ, ಒದ್ದೆ ಟವಲಿನಲ್ಲೇ ನಿಂತು.

"ವರ್ಷವೆಲ್ಲಾ ಅವುಗಳ ಕತ್ತು ಹಿಚುಕ್ತಾನೇ ಇರ್ತೀರಿ. ಆಯುಧಪೂಜೆ ದಿನವಾದ್ರೂ ಬಿಟ್ಟುಬಿಡಿ" ಎಂದು ಹೆಂಡತಿ ವೆಂಕಟಲಕ್ಷ್ಮಿ ಅಡುಗೆಮನೆಗೆ ನಡೆದಳು.

ಹಯಗ್ರೀವನ ಕಷ್ಟ ತಿಳಿಯಬೇಕಾದರೆ ಅವನ ಕೃಷ್ಣನ ವಿಷಯ ಹೇಳಬೇಕು. ಹಯಗ್ರೀವ ಹೊಸೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್. ಲೇತು ಕೆಟ್ಟರೂ ಅವನೇ, ಫ್ಯಾನು ಕೆಟ್ಟರೂ ಅವನೇ, ಕ್ಯಾಂಟೀನಿನ ಇಡ್ಲಿ ಗ್ರೈಂಡರ್ ಕೆಟ್ಟರೂ ಅವನೇ. ಮುಖಕ್ಕೆ ಹಿಟ್ಟು, ಕೈಗೆ ಗ್ರೀಸು ಮೆತ್ತಿಕೊಂಡು ಅವನಿಗೆ ಸಾಕಾಗಿಹೋಗಿತ್ತು. ಆ ವರ್ಷ ಕಾರ್ಖಾನೆಯಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗ ಹೊಸದಾಗಿ ಶುರುವಾಗುವುದೆಂದೂ, ಅದಕ್ಕಾಗಿ ಒಬ್ಬರನ್ನು ಒಂದು ವರ್ಷದ ತರಬೇತಿಗೆ ಮದ್ರಾಸಿಗೆ ಕಳಿಸುವುದೆಂದೂ ಸುದ್ದಿ ಬಂತು. ಹಯಗ್ರೀವ ಧೈರ್ಯ ಮಾಡಿ ಮ್ಯಾನೇಜರ್ ರಾಮಚಂದ್ರಪ್ಪನವರ ಕೋಣೆಗೆ ಹೋಗಿ, ತಾನು ಪುಸ್ತಕ ತರಿಸಿಕೊಂಡು ಮೈಕ್ರೋಕಂಟ್ರೋಲರ್ ಕಲಿಯುತ್ತಿದ್ದೇನೆ ಎಂದ. ಅವರು ಕನ್ನಡಕದ ಮೇಲಿಂದ ನೋಡಿ, ಏನಾದರೂ ಮಾಡಿ ತೋರಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಕಾರ್ಖಾನೆಯಲ್ಲಿ ಅವರ ಬಾಯಿಂದ ಬೇರೆ ಭಾಷೆ ಕೇಳಿದವರು ಯಾರೂ ಇರಲಿಲ್ಲ.

ಹೀಗೆ ಹುಟ್ಟಿದವನು ಈ ಕೃಷ್ಣ. ಗುಜರಿಗೆ ಹೋಗಲಿದ್ದ ಹಳೆಯ ಪ್ರಿಂಟರಿನಿಂದ ಒಂದು ಸ್ಟೆಪ್ಪರ್ ಮೋಟಾರನ್ನು ಹಯಗ್ರೀವ ಕೇಳಿ ತಂದ. ಅದು ಮಾಮೂಲಿ ಮೋಟಾರಿನಂತೆ ಗರ್ರೆಂದು ತಿರುಗುವುದಲ್ಲ. ಅಪ್ಪಣೆ ಬಂದರೆ ಒಂದು ಹೆಜ್ಜೆ, ಮತ್ತೆ ಅಪ್ಪಣೆ ಬಂದರೆ ಮತ್ತೊಂದು ಹೆಜ್ಜೆ. ಮನೆಯಲ್ಲಿ ತಾನೂ ಅದೇ ರೀತಿ ನಡೆಯುವವನಾದ್ದರಿಂದ ಹಯಗ್ರೀವನಿಗೆ ಅದರ ಮೇಲೆ ಒಂದು ಬಗೆಯ ಬಂಧುಭಾವ ಬೆಳೆದಿತ್ತು. ಅಪ್ಪಣೆ ಕೊಡುವುದಕ್ಕೆ ಜರಿಹುಳದ ಹಾಗೆ ಎರಡು ಬದಿಗೂ ಕಾಲುಗಳಿದ್ದ ಒಂದು ಕರಿಯ ಚಿಪ್ಪು. ಮೇಲೆ ದುಂಡನೆಯ ಮಣೆ, ಮಣೆಯ ಮೇಲೆ ವೆಂಕಟಲಕ್ಷ್ಮಿಯ ತವರಿನಿಂದ ಬಂದ ಕೊಳಲು ಕೃಷ್ಣ. ಅವಲಪಲ್ಲಿಯಲ್ಲಿದ್ದ ಹಯಗ್ರೀವನ ಮನೆಯ ದಸರಾ ಗೊಂಬೆಗಳ ಸಾಲಿನ ನಡುವೆ ಕೃಷ್ಣ ಮೆಲ್ಲಗೆ ಸುತ್ತು ತಿರುಗುತ್ತ ನಿಂತಾಗ ಬೀದಿಗೆ ಬೀದಿಯೇ ನೋಡಲು ಬಂತು. ನವಮಿಯ ಸಂಜೆ ತಾವೂ ಬರುವುದಾಗಿ, ಹೆಂಡತಿಯನ್ನು ಅರಿಸಿನ ಕುಂಕುಮಕ್ಕೆ ಕರೆತರುವುದಾಗಿ ರಾಮಚಂದ್ರಪ್ಪನವರು ಹೇಳಿದ್ದರು. ಕೃಷ್ಣ ಸರಿಯಾಗಿ ತಿರುಗಿದರೆ ಮದ್ರಾಸು, ಇಲ್ಲವಾದರೆ ಇಡ್ಲಿ ಗ್ರೈಂಡರ್.

ತೊಂದರೆಯೆಂದರೆ ಕೃಷ್ಣ ಆಗಾಗ ನಿಂತುಬಿಡುತ್ತಿದ್ದ. ಅದೂ ಹೆಂಗಸರು ಬಂದಾಗ ಮಾತ್ರ. ಅರಿಸಿನ ಕುಂಕುಮಕ್ಕೆ ಹೆಂಗಸರು ಬಂದರೆ ಗಂಡಸಾದವನು ಹಜಾರ ಬಿಟ್ಟು ಹೋಗಬೇಕು. ಹಯಗ್ರೀವ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದ. ಅಲ್ಲಿಗೂ ಕೇಳುತ್ತಿದ್ದ ಮೋಟಾರಿನ ಸದ್ದು ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಅವರು ಹೊರಟ ಮೇಲೆ ಓಡಿಬಂದು ನೋಡಿದರೆ ಕೃಷ್ಣ ಏನೂ ಆಗದವನಂತೆ ತಿರುಗುತ್ತಿರುತ್ತಿದ್ದ. ವೈದ್ಯರು ಬಂದಾಗ ಜ್ವರ ಇಳಿಯುವ ರೋಗಿಗೆ ಔಷಧ ಕೊಡುವುದು ಹೇಗೆ? ನಿಂತಿದ್ದು ನಿಜವೇ ಎಂದು ಹೆಂಡತಿಯನ್ನು ಕೇಳಿದರೆ, "ನಿಂತಿದ್ದ, ಹೊರಟ, ನಿಮಗ್ಯಾಕೆ" ಎನ್ನುತ್ತಿದ್ದಳೇ ಹೊರತು ಹೆಚ್ಚು ವಿವರ ಸಿಗುತ್ತಿರಲಿಲ್ಲ.

ಹಯಗ್ರೀವ ಮೋಟಾರಿನ ಮುಂದೆ ಕೂತು ತಲೆ ಕೆರೆದುಕೊಳ್ಳುವುದನ್ನು ಕಿಟಕಿಯಿಂದ ಕಂಡು ಎದುರು ಮನೆಯ ಗುಂಡಣ್ಣನವರು ಬಂದರು. ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಪ್ರಕಾರ ಲೋಕದ ಎಲ್ಲ ಕಷ್ಟಕ್ಕೂ ಕಾರಣ ಒಂದೇ, ಲೋ ವೋಲ್ಟೇಜ್. ದೀಪಾವಳಿಗೆ ಅಳಿಯ ಬರದಿದ್ದರೂ ಅವರು ಮೊದಲು ನೋಡುತ್ತಿದ್ದುದು ಬಲ್ಬನ್ನೇ. ಹಯಗ್ರೀವ ಬೇಡವೆನ್ನುವುದರೊಳಗೆ ಅವರು ತಮ್ಮ ಮನೆಯ ಫ್ರಿಜ್ಜಿನ ಸ್ಟೆಬಿಲೈಸರನ್ನು ಕಿತ್ತು, ಕೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ತಂದು ಜೋಡಿಸಿದರು. ಅದು ಟಕ್ ಟಕ್ ಎಂದಿತು. ಕೃಷ್ಣ ತಿರುಗುತ್ತಿದ್ದ. ಮೊದಲೂ ತಿರುಗುತ್ತಲೇ ಇದ್ದ. ಆದರೂ ಗುಂಡಣ್ಣನವರು, ನೋಡಿದೆಯಾ ಎಂಬಂತೆ ಹುಬ್ಬು ಹಾರಿಸಿ ಕಾಫಿಗೆ ಕಾದು ಕೂತರು.

ಕಾಫಿ ಬರುವ ಮೊದಲು ಅವರ ಹೆಂಡತಿ ರಾಧಮ್ಮನವರು ಬಂದರು. ಫ್ರಿಜ್ಜು ನಿಂತು, ಹಬ್ಬಕ್ಕೆಂದು ಎತ್ತಿಟ್ಟ ಹಾಲು ಒಡೆಯುವುದಕ್ಕಾಗಿದೆ ಎಂದು ಗಂಡನನ್ನು ಹುಡುಕಿಕೊಂಡು ಬಂದವರು, ಬಂದದ್ದೇನೋ ಬಂದೆ, ದೇವಿಯ ಮುಂದೆ ಒಂದು ಹಾಡು ಹೇಳಿಯೇ ಹೋಗುತ್ತೇನೆಂದರು. ಗಂಡಸರಿಬ್ಬರೂ ಎದ್ದರು. ಗುಂಡಣ್ಣನವರು ಜಗುಲಿಗೆ ಹೋದರು. ಹಯಗ್ರೀವ ಮಾತ್ರ ಈ ಸಲ ಹಿತ್ತಲಿಗೆ ಹೋಗಲಿಲ್ಲ. ಅಡುಗೆಮನೆಯಿಂದ ಸುತ್ತಿ ಬಂದು ಗೊಂಬೆಗಳ ಹಂತದ ಹಿಂದೆ, ಬೆಡ್‌ಶೀಟಿನ ಮರೆಯಲ್ಲಿ ನುಸುಳಿದ. ಅಲ್ಲಿಂದ ಅವನಿಗೆ ಮಣೆಯ ತಳ, ಮೋಟಾರು, ಚಿಪ್ಪು ಕಾಣುತ್ತಿದ್ದವು. ಹಜಾರ ಕಾಣುತ್ತಿರಲಿಲ್ಲ.

ರಾಧಮ್ಮನವರು ಚಾಪೆಯ ನಡುವೆ ಕೂತು ಹಾಡು ಎತ್ತಿಕೊಂಡರು. ಮೋಟಾರು ನಿಂತಿತು.

ಹಯಗ್ರೀವ ಹೆಂಡತಿಯ ಹೇರ್‌ಪಿನ್ನಿನಿಂದ ಒಂದೊಂದೇ ತಂತಿಯನ್ನು ತಟ್ಟಿದ. ಬೇರೆ ಬ್ಯಾಟರಿಯಿಂದ ನಡೆಯುತ್ತಿದ್ದ ಚಿಪ್ಪಿನ ಪಕ್ಕದ ಪುಟ್ಟ ದೀಪ ಮಿನುಗುತ್ತಿತ್ತು, ಅಂದರೆ ಅಪ್ಪಣೆ ಹೋಗುತ್ತಿತ್ತು. ಮೋಟಾರು ಕೇಳುತ್ತಿರಲಿಲ್ಲ. ಹಾಡು ಮುಗಿದು, ರಾಧಮ್ಮನವರು ಕುಂಕುಮ ತೆಗೆದುಕೊಳ್ಳಲು ಎದ್ದ ಸದ್ದಾಯಿತು. ಮೋಟಾರು ಹೊರಟಿತು. ಹಯಗ್ರೀವನಿಗೆ ಕತ್ತಲಲ್ಲಿ ಜ್ಞಾನೋದಯವಾಯಿತು. ಸ್ಟೆಪ್ಪರ್ ಮೋಟಾರಿಗೆ ಒಂದು ಬಗೆಯ ಕಂಪನ ಆಗದು ಎಂದು ಅವನು ಓದಿದ್ದ. ಇದು ರಾಧಮ್ಮನವರ ತಾರಸ್ಥಾಯಿಯ ಕೆಲಸ. ಅವನು ತಲೆಯ ಮೇಲೆ ಜೇಡರಬಲೆ ಹೊತ್ತು ಬೆಡ್‌ಶೀಟ್ ಸರಿಸಿ ಈಚೆ ಬಂದು, ಇನ್ನೊಂದು ಹಾಡು ಹೇಳುತ್ತೀರಾ, ಸ್ವಲ್ಪ ಗಟ್ಟಿಯಾಗಿ, ಎಂದು ಕೈ ಮುಗಿದು ಕೇಳಿದ.

ಹೆದರಿ ಎದೆ ಹಿಡಿದುಕೊಂಡಿದ್ದ ರಾಧಮ್ಮನವರ ಮುಖ ಅರಳಿತು. "ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನನ್ನ ಗಟ್ಟಿಯಾಗಿ ಹಾಡು ಅಂದೋನು ನೀನೊಬ್ಬನೇ ಕಣೋ" ಎಂದು ಮತ್ತೆ ಕೂತರು. ಜಗುಲಿಯಿಂದ ಗುಂಡಣ್ಣನವರ ಚಪ್ಪಲಿಯ ಸದ್ದು ದೂರವಾಯಿತು.

ಹಾಡು ಶುರುವಾಗುವ ಮೊದಲೇ ಕೃಷ್ಣ ನಿಂತ. ಹಯಗ್ರೀವ ಅದನ್ನು ಗಮನಿಸುವಷ್ಟರಲ್ಲಿ ತೊರಪಲ್ಲಿ ಅಗ್ರಹಾರದಿಂದ ಹಾಲು ತರುವ ದೊಡ್ಡಮುನಿಯಮ್ಮ ಬಾಗಿಲಿಗೆ ಬಂದಳು. ಒಳಗೆ ಇಣುಕಿ, ಹಾಲಿನ ಪಾತ್ರೆ ಕೆಳಗಿಟ್ಟು, ಹೊಸ್ತಿಲಲ್ಲೇ ಅಡ್ಡಬಿದ್ದಳು. "ನಿಂತವ್ನೆ, ಸಾಮಿ ನಿಂತವ್ನೆ" ಎಂದು ಕೆನ್ನೆ ಕೆನ್ನೆ ಬಡಿದುಕೊಂಡಳು.

ಹಾಲಿನವಳಿಗೂ ತನ್ನ ಮೋಟಾರಿನ ಗುಟ್ಟು ತಿಳಿದುಹೋಯಿತಲ್ಲ ಎಂದು ಹಯಗ್ರೀವನಿಗೆ ನಾಚಿಕೆಯಾಯಿತು. ಈಗಲೇ ಸರಿ ಮಾಡಿಬಿಡುತ್ತೇನೆ ಎಂದು ಅವಳಿಗೆ ಸಮಾಧಾನ ಹೇಳಿದ.

ದೊಡ್ಡಮುನಿಯಮ್ಮ ಗಾಬರಿಯಿಂದ ಎದ್ದಳು. "ಬ್ಯಾಡಿ ಬುದ್ಧಿ, ಹಂಗೇ ಇರ್ಲಿ ಬುಡಿ. ನಿಮ್ಮ ಕಾಲ್ಗೆ ಬೀಳ್ತೀನಿ, ಏನೂ ಮಾಡಕ್ಕೋಗ್ಬ್ಯಾಡಿ."

ಬಡವಳಾದರೂ ಎಂಥ ದೊಡ್ಡ ಮನಸ್ಸು, ತನ್ನ ಮಾನ ಉಳಿಸಲು ನೋಡುತ್ತಿದ್ದಾಳೆ ಎಂದು ಹಯಗ್ರೀವನ ಕಣ್ಣು ಒದ್ದೆಯಾಯಿತು. ಹೇಗಾದರೂ ಸರಿ ಮಾಡಲೇಬೇಕೆಂಬ ಹಟ ಇನ್ನೂ ಹೆಚ್ಚಿತು.

ರಾಧಮ್ಮನವರು ಒಂದರ ಹಿಂದೆ ಒಂದು ಹಾಡಿದರು. ಕೃಷ್ಣ ಕದಲಲಿಲ್ಲ. ಕಡೆಗೆ ಮಂಗಳಾರತಿ ಹಾಡಿಗೆ ಎದ್ದು ನಿಂತು, ಬೀದಿಯ ನಾಯಿ ಕೂಡ ತಲೆಯೆತ್ತುವಂಥ ಮೇಲಿನ ಸ್ವರ ಹಿಡಿದರು. ಕೃಷ್ಣ ಆರಾಮಾಗಿ ತಿರುಗತೊಡಗಿದ. ಹಯಗ್ರೀವನ ಕಂಪನದ ಸಿದ್ಧಾಂತ ಅಲ್ಲಿಗೆ ನೆಲಕ್ಕೆ ಬಿತ್ತು. ಅವನು ರಾಧಮ್ಮನವರಿಗೆ ಹಾಡದೆ ಸುಮ್ಮನೆ ಕೂರಲು ಹೇಳಿದ. ಕೃಷ್ಣ ನಿಂತ. ಏಳಲು ಹೇಳಿದ. ಕೃಷ್ಣ ಹೊರಟ. ಕೂರಿ ಅತ್ತೆ, ಏಳಿ ಅತ್ತೆ, ಇನ್ನೊಂದು ಸಲ ಕೂರಿ ಅತ್ತೆ ಎಂದು ಶಾಲೆಯಲ್ಲಿ ಬಸ್ಕಿ ಹೊಡೆಸುವ ಮೇಷ್ಟರ ಹಾಗೆ ಅವರನ್ನು ಕೂರಿಸಿ ಎಬ್ಬಿಸಿ ಮಾಡಿದ. ಮಂಡಿ ನೋವಿನ ರಾಧಮ್ಮನವರು, ಸಂಗೀತಕ್ಕೂ ಇದಕ್ಕೂ ಏನು ಸಂಬಂಧವೆಂದು ತಿಳಿಯದೆ ಕಡೆಗೆ ಕೋಪಿಸಿಕೊಂಡು ಗೋಡೆಗೆ ಒರಗಿ ನಿಂತರು.

ಹಯಗ್ರೀವ ಚಾಪೆ ಎತ್ತಿದ. ಅಲ್ಲಿ ಮೋಟಾರಿಗೆ ಕರೆಂಟು ಒಯ್ಯುವ ವೈರು ಹಾವಿನಂತೆ ಬಿದ್ದಿತ್ತು. ಮೋಟಾರಿನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ, ಸರಸ್ವತಿಯ ಪಕ್ಕದಲ್ಲಿ ಜೇನುಗೂಡು ಇಟ್ಟ ಹಾಗಿದೆ ಎಂದು ವೆಂಕಟಲಕ್ಷ್ಮಿ ಹಬ್ಬದ ಮೊದಲ ದಿನವೇ ಅದನ್ನು ಎದುರು ಗೋಡೆಗೆ ಗಡೀಪಾರು ಮಾಡಿ, ವೈರು ಕಾಣದಂತೆ ಮೇಲೆ ಚಾಪೆ ಹಾಸಿದ್ದಳು. ಮೇಲಿನ ಪ್ಲಾಸ್ಟಿಕ್ ಚೆನ್ನಾಗಿತ್ತು. ಒಳಗೆ ತಂತಿ ಮುರಿದಿತ್ತು. ಅದೇ ಜಾಗದಲ್ಲಿ, ದೇವಿಗೆ ನೇರ ಎದುರಾಗಿ, ಬಂದವರೆಲ್ಲ ಕೂರುತ್ತಿದ್ದರು. ಕೂತರೆ ತಂತಿ ಬಿಡುತ್ತಿತ್ತು, ಎದ್ದರೆ ಕೂಡುತ್ತಿತ್ತು.

ಹಯಗ್ರೀವನಿಗೆ ಕುಣಿಯಬೇಕೆನಿಸಿತು. ಆದರೆ ಪ್ಲೇಯರ್ ಪೂಜೆಯಲ್ಲಿತ್ತು, ಚಾಕು ಪೂಜೆಯಲ್ಲಿತ್ತು, ಈಳಿಗೆಮಣೆಗೂ ಹೂವು ಏರಿಸಿಯಾಗಿತ್ತು. ಅವನು ಪ್ಲಗ್ ಕಿತ್ತು, ವೈರನ್ನು ಬಾಯಿಗಿಟ್ಟು, ಕಬ್ಬು ಸಿಗಿಯುವವನಂತೆ ಹಲ್ಲಿನಿಂದಲೇ ಕಚ್ಚಿ ಮುರಿದ ಭಾಗವನ್ನು ತೆಗೆದುಹಾಕಿದ. ಉಳಿದ ತುದಿಗಳನ್ನು ಹೊಸೆದು, ಟೇಪಿನ ಬದಲು ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಸುತ್ತಿ, ಯಾರೂ ಕೂರದ ಗೋಡೆಯಂಚಿಗೆ ಎಳೆದ.

"ನವಮಿ ದಿನ ದೇವರ ವೈರನ್ನ ಎಂಜಲು ಮಾಡಿದೆಯಲ್ಲೋ" ಎಂದು ರಾಧಮ್ಮನವರು ಕೆನ್ನೆಗೆ ಕೈ ಹಚ್ಚಿ, ಸ್ಟೆಬಿಲೈಸರನ್ನೂ ಮರೆತು ಮನೆಗೆ ಹೋದರು. ದೊಡ್ಡಮುನಿಯಮ್ಮ ಅವರ ಹಿಂದೆಯೇ ಹೋದಳು.

ಹಯಗ್ರೀವ ಚಾಪೆಯ ಮೇಲೆ ತಾನೇ ಕೂತು ನೋಡಿದ, ಮಲಗಿ ನೋಡಿದ, ಕುಪ್ಪಳಿಸಿ ನೋಡಿದ. ಕೃಷ್ಣ ನಿಲ್ಲಲಿಲ್ಲ. ವೆಂಕಟಲಕ್ಷ್ಮಿಯನ್ನು ಕರೆದು ತೋರಿಸಿದ. ಅವಳು ಒಲೆಯ ಮುಂದಿನಿಂದ ಎದ್ದು ಬಂದು, ತಿರುಗುವ ಕೃಷ್ಣನನ್ನು ತುಂಬಾ ಹೊತ್ತು ನೋಡಿ, ಇನ್ನು ನಿಲ್ಲುವುದೇ ಇಲ್ಲವೇ ಎಂದು ಸಣ್ಣ ದನಿಯಲ್ಲಿ ಕೇಳಿದಳು. ನಿಲ್ಲುವ ಮಾತೇ ಇಲ್ಲ ಎಂದ ಹಯಗ್ರೀವ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಆನಂದಬಾಷ್ಪ ಎಂದುಕೊಂಡ ಅವನು ಹಬ್ಬದೂಟ ಮಾಡಿ, ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಹೊಡೆದ.

ಸಂಜೆ ಮ್ಯಾನೇಜರರ ಅಂಬಾಸಿಡರ್ ಬೀದಿಗೆ ಬರುವ ಹೊತ್ತಿಗೆ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀದಿಯ ಹೆಂಗಸರೆಲ್ಲ ಬಂದಿದ್ದರು. ರಾಮಚಂದ್ರಪ್ಪನವರ ಹೆಂಡತಿ ರಾಮಲಕ್ಷ್ಮಮ್ಮನವರು ಗಂಜಿ ಹಾಕಿದ ಸೀರೆಯಲ್ಲಿ, ಎರಡು ಕೈಯಲ್ಲೂ ಹಣ್ಣಿನ ತಟ್ಟೆ ಹಿಡಿದು ಬಂದರು. ಅವರಿಗಾಗಿ ಎಲ್ಲರೂ ಸರಿದು ಚಾಪೆಯ ನಡುಜಾಗ ಬಿಟ್ಟುಕೊಟ್ಟರು. ರಾಮಚಂದ್ರಪ್ಪನವರು ಬಾಗಿಲಲ್ಲೇ ನಿಂತು ಕೃಷ್ಣನನ್ನು ಒಂದು ಸುತ್ತು ನೋಡಿ ತಲೆಯಾಡಿಸಿ, ಹಯಗ್ರೀವನ ಜೊತೆ ಜಗುಲಿಯಲ್ಲಿ ಕೂತರು. ಹಯಗ್ರೀವ ಹೆಜ್ಜೆ, ಅಪ್ಪಣೆ, ಚಿಪ್ಪು, ಕಂಪನ ಎಲ್ಲವನ್ನೂ ವಿವರಿಸಿದ. ದೋಷ ಎಲ್ಲಿದೆಯೆಂದು ಇವತ್ತು ಕಂಡುಹಿಡಿದೆ, ಇನ್ನು ಪ್ರಳಯವಾದರೂ ನಿಲ್ಲುವುದಿಲ್ಲ ಎಂದು ಎದೆಯುಬ್ಬಿಸಿ ಹೇಳಿದ. ಮ್ಯಾನೇಜರರ ಮುಖ ಯಾಕೋ ಗೆಲುವಾಗುತ್ತ ಹೋಯಿತು.

ಒಳಗೆ ಮಾತ್ರ ಸದ್ದಿಲ್ಲ. ಹಾಡಿಲ್ಲ, ನಗುವಿಲ್ಲ. ಅಷ್ಟು ಹೆಂಗಸರಿರುವ ಮನೆ ಅಷ್ಟು ಮೌನವಾಗಿದ್ದುದನ್ನು ಹಯಗ್ರೀವ ಎಂದೂ ಕಂಡಿರಲಿಲ್ಲ. ಆಗ ವೆಂಕಟಲಕ್ಷ್ಮಿ ಪಕ್ಕದ ಓಣಿಯಿಂದ ಬಂದು, ಅವನನ್ನು ಗೋಡೆಯ ಮರೆಗೆ ಎಳೆದುಕೊಂಡಳು.

"ಈಗಲೇ ಹೋಗಿ ಕೃಷ್ಣನ್ನ ನಿಲ್ಲಿಸಿ" ಎಂದಳು, ಹಲ್ಲು ಕಚ್ಚಿಕೊಂಡು.

ನಿಲ್ಲಿಸುವುದೇ, ನಿಲ್ಲದಿರಲಿ ಎಂದಲ್ಲವೇ ಬೆಳಿಗ್ಗೆಯಿಂದ ಇಷ್ಟು ಪಾಡು ಪಟ್ಟದ್ದು ಎಂದ ಹಯಗ್ರೀವ. ಆಗ ಅವಳು ಉಸಿರು ಬಿಡದೆ ಎಲ್ಲ ಹೇಳಿದಳು. ಹಬ್ಬದ ಮೊದಲಲ್ಲಿ ಒಂದು ದಿನ ದೊಡ್ಡಮುನಿಯಮ್ಮ ಚಾಪೆಯ ಮೇಲೆ ಕೂತು, ಕಳೆದುಹೋದ ತನ್ನ ಎಮ್ಮೆ ಸಿಗಲಿ ಎಂದು ಬೇಡಿಕೊಂಡಳಂತೆ. ಕೃಷ್ಣ ತಿರುಗುವುದನ್ನು ಬಿಟ್ಟು ಅವಳ ಮುಖ ನೋಡುತ್ತ ನಿಂತನಂತೆ. ಅವಳು ಎದ್ದ ಮೇಲೆಯೇ ಹೊರಟನಂತೆ. ಮಾರನೆಯ ದಿನ ಎಮ್ಮೆ ತಾನಾಗಿ ಕೊಟ್ಟಿಗೆಗೆ ಬಂತು. ರಾಧಮ್ಮನವರಿಗೂ ನಿಂತ, ದೂರ ಹೋಗಿದ್ದ ಮಗನಿಗೆ ಊರ ಹತ್ತಿರಕ್ಕೆ ವರ್ಗವಾಯಿತು. ಅಲ್ಲಿಂದ ಬೀದಿಯೆಲ್ಲ ಸುದ್ದಿ. ಎದುರು ಮುಖವಾಗಿ ನಿಂತರೆ ನೆನೆಸಿದ್ದು ಆಗುತ್ತದೆ, ಓರೆಯಾಗಿ ನಿಂತರೆ ನಿಧಾನವಾಗಿ ಆಗುತ್ತದೆ. ಬೆನ್ನು ಸಿಕ್ಕವರೂ ಇದ್ದರು, ಅವರು ಬಾಯಿ ಬಿಡಲಿಲ್ಲ. ಈಗ ಮ್ಯಾನೇಜರರ ಹೆಂಡತಿ ಅದಕ್ಕೆಂದೇ ಬಂದು ಕೂತಿದ್ದಾರೆ, ಕೃಷ್ಣ ಅವರನ್ನು ಕಂಡೂ ಕಾಣದವನಂತೆ ತಿರುಗುತ್ತಲೇ ಇದ್ದಾನೆ.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ವೈರು, ವೋಲ್ಟೇಜು ಅಂತ ಸರಿ ಮಾಡಿಬಿಡ್ತಿದ್ರಿ. ಅದಕ್ಕೇ ತಾನೆ ಬೆಳಿಗ್ಗೆನೇ ಆ ಸಾಮಾನಿಗೆಲ್ಲ ಕುಂಕುಮ ಇಟ್ಟಿದ್ದು" ಎಂದಳು ವೆಂಕಟಲಕ್ಷ್ಮಿ. "ಅವರ ಮನಸ್ಸು ನೊಂದ್ರೆ ನಿಮ್ಮ ಮದ್ರಾಸು ಹೋದ ಹಾಗೇನೇ. ಹೋಗಿ."

ಹಯಗ್ರೀವ ಪಂಚೆ ಎತ್ತಿ ಕಟ್ಟಿ ಹಿತ್ತಲ ಬಾಗಿಲಿನಿಂದ ಓಡಿದ. ಹಂತದ ಹಿಂದಿನ ಬೆಡ್‌ಶೀಟಿನ ಮರೆಗೆ ತೂರಿಕೊಂಡ. ಅಲ್ಲಿಂದ ಕಾಣುತ್ತಿದ್ದುದು ಮಣೆಯ ತಳ ಮಾತ್ರ. ಮೇಲೆ ಕೃಷ್ಣನ ಮುಖ ಯಾವ ಕಡೆಗಿದೆಯೋ ಅವನಿಗೆ ಹೇಗೆ ಗೊತ್ತಾಗಬೇಕು? ಮಣೆಯ ತಳದಲ್ಲಿ ಮುಖದ ಕಡೆಗೆಂದು ತಾನೇ ಒಂದು ಬಳಪದ ಗುರುತು ಹಾಕಿದ್ದು ನೆನಪಾಯಿತು. ಗುರುತು ಸುತ್ತಿಕೊಂಡು ತನ್ನ ಮೂಗಿನ ನೇರಕ್ಕೆ ಬರುತ್ತಿದ್ದಂತೆ ದೇವರ ಮೇಲೆ ಭಾರ ಹಾಕಿ ವೈರು ಕಿತ್ತ. ಕೃಷ್ಣ ನಿಂತ.

ಹಜಾರದಲ್ಲಿ ಒಟ್ಟಿಗೆ ಉಸಿರೆಳೆದುಕೊಂಡ ಸದ್ದು. ಆಮೇಲೆ ಯಾರದೋ ಬಳೆ ಗಲ್ಲೆಂದಿತು. ಹಯಗ್ರೀವನ ಮೂಗಿದ್ದುದು ಹಂತದ ಹಿಂದೆ, ರಾಮಲಕ್ಷ್ಮಮ್ಮನವರು ಕೂತಿದ್ದುದು ಹಂತದ ಮುಂದೆ. ಅವನ ಮೂಗಿನ ನೇರಕ್ಕೆ ಮುಖ ಬಂತೆಂದರೆ ಅವರ ಪಾಲಿಗೆ ಉಳಿದದ್ದು ಏನೆಂದು ಅವನಿಗೆ ಆಗ ಹೊಳೆಯಿತು. ಬೆಡ್‌ಶೀಟಿನ ಸಂದಿಯಿಂದ ಇಣುಕಿದ. ಕೃಷ್ಣ ಕೊಳಲು ಹಿಡಿದು, ಮ್ಯಾನೇಜರರ ಹೆಂಡತಿಗೆ ಸಂಪೂರ್ಣವಾಗಿ ಬೆನ್ನು ತಿರುಗಿಸಿ ನಿಂತಿದ್ದ.

ಆ ಕ್ಷಣ ಭೂಮಿ ಬಾಯಿ ಬಿಟ್ಟಿದ್ದರೆ ಹಯಗ್ರೀವ ಟ್ರಾನ್ಸ್‌ಫಾರ್ಮರ್ ಸಮೇತ ಇಳಿದುಹೋಗುತ್ತಿದ್ದ. ರಾಮಲಕ್ಷ್ಮಮ್ಮನವರು ಕಣ್ಣೊರೆಸಿಕೊಂಡರು. ವೈರು ಎಂಜಲಾದದ್ದರಿಂದ ಸ್ವಾಮಿ ಮುನಿದಿದ್ದಾನೆ, ಇದರಲ್ಲಿ ಅವರ ತಪ್ಪೇನೂ ಇಲ್ಲ ಎಂದು ರಾಧಮ್ಮನವರು ಸಮಾಧಾನ ಹೇಳಿದರು. ಹಬ್ಬ ಮುಗಿದರೂ ಈ ಕೃಷ್ಣನನ್ನು ಪೆಟ್ಟಿಗೆಗೆ ಹಾಕಕೂಡದು, ಪ್ರತಿ ಶುಕ್ರವಾರ ಇಲ್ಲಿ ಭಜನೆ ಆಗಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಮನೆಯವರನ್ನು ಯಾರೂ ಕೇಳಲಿಲ್ಲ. ರಾಮಲಕ್ಷ್ಮಮ್ಮನವರು ಎದ್ದು, ಅವನು ತಮ್ಮ ಕಡೆಗೆ ಮುಖ ಮಾಡುವ ತನಕ ತಾವೂ ಒಂದು ಶುಕ್ರವಾರ ಬಿಡದೆ ಬರುವುದಾಗಿ ಹರಕೆ ಹೊತ್ತು ಕುಂಕುಮ ತೆಗೆದುಕೊಂಡರು.

ಹಯಗ್ರೀವ ಕಾರಿನವರೆಗೂ ತಲೆ ತಗ್ಗಿಸಿಕೊಂಡೇ ಹೋದ. ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡ ಮೇಲೆ ರಾಮಚಂದ್ರಪ್ಪನವರು ಅವನ ಹೆಗಲ ಮೇಲೆ ಕೈ ಹಾಕಿ ಕಾರಿನ ಹಿಂಬದಿಗೆ ಕರೆದುಕೊಂಡು ಹೋದರು. ಬೈಗುಳ ಇಂಗ್ಲಿಷಿನಲ್ಲಿ ಬರುತ್ತದೋ ತಮಿಳಿನಲ್ಲಿ ಬರುತ್ತದೋ ಎಂದು ಅವನು ಕಾದ. ಬಂದದ್ದು ಎರಡೂ ಅಲ್ಲ. ನಾಟ್ರಾಂಪಾಳ್ಯದ ಹೊಲದಲ್ಲಿ ಬೆಳೆದ ರಾಮಚಂದ್ರಪ್ಪ ಆ ಸಂಜೆ ಮೊದಲ ಸಲ ತನ್ನ ಹಳ್ಳಿಯ ಕನ್ನಡದಲ್ಲಿ ಬಾಯಿ ಬಿಟ್ಟ.

"ಬದುಕಿಸ್ಬುಟ್ಟೆ ಕಣ್ಲಾ ಹಯಗ್ರೀವ."

ಹಯಗ್ರೀವನಿಗೆ ತಾನು ಕೇಳಿದ್ದರ ಮೇಲೆ ನಂಬಿಕೆ ಬರಲಿಲ್ಲ. ಮ್ಯಾನೇಜರರು ಕಾರಿನ ಕಡೆಗೊಮ್ಮೆ ನೋಡಿ, ಗುಟ್ಟಾಗಿ ಹೇಳಿದರು. ಅವರ ಹೆಂಡತಿಯ ಅಣ್ಣ ಬೆಂಗಳೂರಿನಲ್ಲಿ ಮನೆಯ ಮೇಲೆ ಮನೆ ಕಟ್ಟಿಸಿದ್ದಾನಂತೆ. ಇಲ್ಲಿನ ಕೆಲಸ ಬಿಟ್ಟು ಬಾ, ಮೇಲಿನ ಮನೆಯಲ್ಲಿದ್ದುಕೊಂಡು ನನ್ನ ಅಕ್ಕಿ ಗಿರಣಿ ನೋಡಿಕೋ ಎಂದು ಹಟ ಹಿಡಿದಿದ್ದಾನಂತೆ. ಹೋಗುವುದೋ ಬಿಡುವುದೋ ಕೃಷ್ಣ ಹೇಳಲಿ, ಅವನು ತಮ್ಮ ಕಡೆ ನೋಡಿ ನಿಂತರೆ ನಾಳೆಯೇ ರಾಜೀನಾಮೆ ಎಂದು ಗಂಡನಿಂದ ಮಾತು ತೆಗೆದುಕೊಂಡು ಆಕೆ ಇವತ್ತು ಬಂದದ್ದಂತೆ. ಆ ಭಾವಮೈದನ ಅಟ್ಟದ ಮೇಲೆ ಬಾಳುವುದನ್ನು ನೆನೆಸಿಕೊಂಡು ಮ್ಯಾನೇಜರರಿಗೆ ಒಂದು ವಾರದಿಂದ ಊಟ ಸೇರಿರಲಿಲ್ಲ.

"ನಿಲ್ದೆ ಹೋದ್ರೆ ಸಾಕು ಅಂತಿದ್ದೆ ಕಣ್ಲಾ. ನೀನು ಒಳಕ್ಕೆ ಓಡೋಗಿ ಬೆನ್ನೇ ತಿರುಗಿಸ್ಬುಟ್ಟೆ" ಎಂದು ಅವರು ಅವನ ಬೆನ್ನು ತಟ್ಟಿದರು.

ಕಳೆದುಹೋಯಿತೆಂದುಕೊಂಡ ಮದ್ರಾಸು ಹಯಗ್ರೀವನ ಕಣ್ಣ ಮುಂದೆ ಮತ್ತೆ ಬಂದು ನಿಂತಿತು. ಹಾಗಾದರೆ ತರಬೇತಿಗೆ ಯಾವತ್ತು ಹೊರಡಲಿ ಸರ್ ಎಂದು ಕೇಳಿದ.

"ತರಬೇತಿಗೆ ಬೇರೆ ಯಾರ್ನಾದ್ರೂ ಕಳುಸ್ತೀನಿ" ಎಂದರು ರಾಮಚಂದ್ರಪ್ಪನವರು, ತುಂಬಿದ ವಿಶ್ವಾಸದಿಂದ. "ನೀನು ಮದ್ರಾಸ್ಗೆ ಹೋಗ್ಬುಟ್ರೆ, ಶುಕ್ರವಾರ ಶುಕ್ರವಾರ ಇಲ್ಲಿ ಅವನ ಬೆನ್ನು ತಿರುಗ್ಸೋರು ಯಾರ್ಲಾ?"

ಕಾರು ಹೊರಟುಹೋಯಿತು. ಹಯಗ್ರೀವ ಒಳಗೆ ಬಂದ. ಹೆಂಗಸರೆಲ್ಲ ಹೋಗಿದ್ದರು. ವೆಂಕಟಲಕ್ಷ್ಮಿ ಮುತ್ತುಗದ ಎಲೆಯಲ್ಲಿ ಕಡಲೆ ಉಸಲಿ ಹಾಕಿಟ್ಟುಕೊಂಡು, ಕೇಳಲು ಧೈರ್ಯವಿಲ್ಲದೆ ಅವನ ಮುಖವನ್ನೇ ನೋಡುತ್ತ ಕೂತಿದ್ದಳು.

"ಸಾಹೇಬರು ನನ್ನ ಕೆಲಸ ಬಹಳ ಮೆಚ್ಚಿಕೊಂಡ್ರು" ಎಂದ ಹಯಗ್ರೀವ, ಎಲೆಯನ್ನು ಹತ್ತಿರ ಎಳೆದುಕೊಳ್ಳುತ್ತ. "ನಾನಿಲ್ಲದೆ ಇಲ್ಲಿ ನಡೆಯೋದೇ ಇಲ್ಲವಂತೆ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಉಸಲಿಗೆ ಇಂಗು ಹದವಾಗಿ ಬಿದ್ದಿತ್ತು.